ಉಪ್ಪುಬೆಣ್ಣೆಯ ಪೋಷಕಾಂಶ ವಿಚಾರ: ಗೋಮಂತಕ ಖಂಡ

ಘಟ್ಟದ ಮೇಲಿನ ಕನ್ನಡಿಗರ ಮನೆಗಳಲ್ಲಿ ಬೆಣ್ಣೆಯು ಹೆಚ್ಚಾಗಿ ಸ್ವತಂತ್ರ ಪದಾರ್ಥವಾಗಿರದೆ, ಮೊಸರಿನಿಂದ ಹೊರಟು ತುಪ್ಪಕ್ಕೆ ಹೋಗುವ ಪ್ರಯಾಣಿಕನು ನಡುದಾರಿಯಲ್ಲಿ ಒಂದೆರಡು ರಾತ್ರಿ ಇಳಿದುಕೊಳ್ಳುವ ಛತ್ರದಂತೆ ಇದ್ದುದರಿಂದ, ಅದಕ್ಕೆ ಉಪ್ಪು ಬೆರೆಸಬೇಕೆಂಬ ಕಲ್ಪನೆ ಅಲ್ಲಿನ ಪಾಕಶಾಸ್ತ್ರಕ್ಕೆ ಹೊಳೆಯಲಿಲ್ಲ. ಹೊಳೆದಿದ್ದರೂ ಅದು ಬಾಳುತ್ತಿರಲಿಲ್ಲ. ಏಕೆಂದರೆ ಉಪ್ಪುಬೆಣ್ಣೆಯನ್ನು ಕಾಯಿಸಿದಾಗ ಉಪ್ಪು ತುಪ್ಪದಲ್ಲಿ ಕರಗದೆ ತಳದ ಗಸಿಯನ್ನು ಸೇರುತ್ತದೆ, ಮತ್ತು ಆ ಗಸಿಗೆ ಬೆಲ್ಲ ಬೆರೆಸಿಕೊಂಡು ತಿನ್ನಲು ಬಟ್ಟಲು ಹಿಡಿದು ಕಾದಿರುವ ಮಕ್ಕಳ ಶಾಪವನ್ನು ಹೊರುವ ಧೈರ್ಯ ಯಾವ ಗೃಹಿಣಿಗೂ ಇರಲಾರದು. ಆದರೆ ಅನಮೋಡ ಘಾಟನ್ನೋ ಚೋರ್ಲಾ ಘಾಟನ್ನೋ ಇಳಿದು ಗೋವಾ ಸೇರಿದ ಕನ್ನಡಿಗನು, ಅವನು ವಾಸ್ಕೊದವನಾಗಲಿ ಮಾಪುಸಾದವನಾಗಲಿ, ಬೆಣ್ಣೆ ಬೇಕೆಂದು ಅಂಗಡಿಯಲ್ಲಿ ಕೇಳಿದಾಗ ಅವನ ಕೈಗೆ ಬರುವುದು ಕಾಗದ ಸುತ್ತಿದ, ಹಳದಿ ಬಣ್ಣದ, ಉಪ್ಪುಳ್ಳ ಒಂದು ಇಟ್ಟಿಗೆ. ಈ ಇಟ್ಟಿಗೆಯು ತುಪ್ಪವಾಗುವ ಆಸೆಯನ್ನು ಪೂರ್ತಿ ತೊರೆದ ಬೆಣ್ಣೆಯಾಗಿದ್ದು, ಪಾವೆಂಬ ಬ್ರೆಡ್ಡಿನಲ್ಲೇ ಮೋಕ್ಷ ಪಡೆಯುವಂಥದು. ಇದರ ಪೋಷಕಾಂಶಗಳ ನಿರ್ಣಯವೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ 'ಟೇಬಲ್ ಬಟರ್' ಎನಿಸಿಕೊಳ್ಳಲು ಬೆಣ್ಣೆಯ 100 ಗ್ರಾಮಿನಲ್ಲಿ ಹಾಲಿನ ಕೊಬ್ಬು 80 ಗ್ರಾಮಿಗೆ ಕಡಿಮೆಯಿರಬಾರದು, ನೀರು 16 ಗ್ರಾಮನ್ನು ಮೀರಬಾರದು, ಕೊಬ್ಬಲ್ಲದ ಹಾಲಿನ ಘನಾಂಶ 2 ಗ್ರಾಮನ್ನೂ ಉಪ್ಪು 3 ಗ್ರಾಮನ್ನೂ ದಾಟಬಾರದು. ಮೇಜಿಲ್ಲದ ಮನೆಯಲ್ಲಿ ಟೇಬಲ್ ಬಟರ್ ತಿನ್ನಬಹುದೇ ಎಂಬ ವಿಷಯದಲ್ಲಿ ನಿಯಮವು ಮೌನವಾಗಿರುವುದರಿಂದ ಅದನ್ನು ಇಲ್ಲಿ ಬೆಳೆಸಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಬೆಣ್ಣೆಯು ಕೊಬ್ಬಿನೊಳಗೆ ನೀರಿನ ಅತಿಸೂಕ್ಷ್ಮ ಹನಿಗಳು ಹರಡಿಕೊಂಡಿರುವ ಒಂದು ಮಿಶ್ರಣವಾಗಿದ್ದು, ಉಪ್ಪು ಕೊಬ್ಬಿನಲ್ಲಿ ಕರಗದೆ ಆ ಹನಿಗಳಲ್ಲಷ್ಟೇ ಕರಗುತ್ತದೆ. ಆದ್ದರಿಂದ 100 ಗ್ರಾಂ ಬೆಣ್ಣೆಯಲ್ಲಿ 2 ಗ್ರಾಂ ಉಪ್ಪಿದ್ದರೆ ಅದು ನಿಜವಾಗಿ ಇರುವುದು 16 ಗ್ರಾಂ ನೀರಿನಲ್ಲಿ. ಅಂದರೆ ಪ್ರತಿ ಹನಿಯೂ ನೂರಕ್ಕೆ 11 ಭಾಗ ಉಪ್ಪಾಗಿದ್ದು, ನೂರಕ್ಕೆ ಸುಮಾರು 3.5 ಭಾಗ ಉಪ್ಪಿರುವ ಸಮುದ್ರದ ನೀರಿಗಿಂತ ಮೂರು ಪಟ್ಟಿಗೂ ಮಿಗಿಲಾಗಿ ಉಪ್ಪಾಗಿದೆ. ಇಂಥ ಹನಿಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡಲಾರವಾದ್ದರಿಂದ ಬೆಣ್ಣೆ ಬೇಗ ಕೆಡುವುದಿಲ್ಲ. ಕಲಂಗುಟ್ ಕಡಲಿಗೆ ಹೋಗುವ ಪ್ರವಾಸಿಯು ಬೆಳಗಿನ ಉಪಾಹಾರದಲ್ಲೇ ಅದಕ್ಕಿಂತ ಉಪ್ಪಾದ ಅಸಂಖ್ಯ ಕಡಲುಗಳನ್ನು ನುಂಗಿ ಹೊರಟಿರುತ್ತಾನೆಂಬುದು ಇದರಿಂದ ಸಿದ್ಧ.

ಇನ್ನು ಪೊಟ್ಟಣದ ಮೇಲಿನ ಶಾಸನ. ಪ್ರಸಿದ್ಧ ಉಪ್ಪುಬೆಣ್ಣೆಯ 100 ಗ್ರಾಮಿನಲ್ಲಿ ಸುಮಾರು 720 ಕಿಲೊಕ್ಯಾಲರಿ ಶಕ್ತಿ, 80 ಗ್ರಾಂ ಕೊಬ್ಬು, ಅದರಲ್ಲಿ 50 ಗ್ರಾಮಿನಷ್ಟು ಸಂತೃಪ್ತ ಕೊಬ್ಬು, 180 ಮಿಲಿಗ್ರಾಮಿನಷ್ಟು ಕೊಲೆಸ್ಟರಾಲ್, 830 ಮಿಲಿಗ್ರಾಮಿನಷ್ಟು ಸೋಡಿಯಂ, 650 ಮೈಕ್ರೊಗ್ರಾಮಿನಷ್ಟು ಎ ಜೀವಸತ್ವ ಹಾಗೂ ಅರ್ಧ ಗ್ರಾಂ ಪ್ರೋಟೀನ್ ಇರುತ್ತವೆ. ಸಂತೃಪ್ತ ಕೊಬ್ಬೆಂದರೆ ಅದನ್ನು ತಿಂದವನು ಸಂತೃಪ್ತನಾಗುತ್ತಾನೆಂದಲ್ಲ, ಅದರ ಇಂಗಾಲದ ಸರಪಳಿಯಲ್ಲಿ ಇನ್ನು ಜಲಜನಕಕ್ಕೆ ಜಾಗವಿಲ್ಲವೆಂದು ಅರ್ಥ; ತಿಂದವನಿಗಾದರೋ ಇನ್ನೊಂದು ಪಾವಿಗೆ ಯಾವಾಗಲೂ ಜಾಗವಿರುತ್ತದೆ. ಆ ಅರ್ಧ ಗ್ರಾಂ ಪ್ರೋಟೀನನ್ನು ಹಗುರವಾಗಿ ಕಾಣುವುದು ವಿದ್ವತ್ತಿಗೆ ತಕ್ಕುದಲ್ಲ. ದಿನಕ್ಕೆ 50 ಗ್ರಾಂ ಪ್ರೋಟೀನನ್ನು ಬೆಣ್ಣೆಯೊಂದರಿಂದಲೇ ಪಡೆಯುವೆನೆಂಬ ವ್ರತಸ್ಥನು 10 ಕಿಲೊ ಬೆಣ್ಣೆ ತಿನ್ನಬೇಕಾಗಿ, ತನ್ಮೂಲಕ 72,000 ಕಿಲೊಕ್ಯಾಲರಿ, ಅಂದರೆ ಮುಂದಿನ 36 ದಿನಗಳ ಅನ್ನವನ್ನು ಒಂದೇ ದಿನದಲ್ಲಿ ತೀರಿಸಿದಂತಾಗುವುದರಿಂದ, ಸಮಯದ ಉಳಿತಾಯದ ದೃಷ್ಟಿಯಿಂದ ಈ ಕ್ರಮಕ್ಕೆ ಸಾಟಿಯಿಲ್ಲ.

ಬಣ್ಣದ ವಿಷಯದಲ್ಲಿ ಒಂದು ಹೇತ್ವಾಭಾಸವನ್ನು, ಅಂದರೆ ಕಾರಣದಂತೆ ತೋರಿ ಕಾರಣವಲ್ಲದ್ದನ್ನು, ಖಂಡಿಸಬೇಕಾಗಿದೆ. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ಹಳದಿಯಿದ್ದಲ್ಲಿ ಎ ಜೀವಸತ್ವವಿರುತ್ತದೆಂದು ಕೆಲವರು ಅನುಮಾನ ಪ್ರಮಾಣವನ್ನು ಹೂಡುತ್ತಾರೆ. ಹಸುವಿನ ಬೆಣ್ಣೆಯ ಮಟ್ಟಿಗೆ ಇದು ಅಷ್ಟಿಷ್ಟು ನಿಂತೀತು, ಏಕೆಂದರೆ ಅದರ ಹಳದಿಯು ಹುಲ್ಲಿನಿಂದ ಬಂದ ಕ್ಯಾರೋಟಿನ್ನಿನದು. ಎಮ್ಮೆಯು ಆ ಕ್ಯಾರೋಟಿನ್ನನ್ನು ಹಾಲಿಗೆ ಬಿಡದೆ ಬಣ್ಣವಿಲ್ಲದ ಎ ಜೀವಸತ್ವವಾಗಿಯೇ ಮಾರ್ಪಡಿಸಿ ಕೊಡುವುದರಿಂದ ಅದರ ಬೆಣ್ಣೆ ಬಿಳಿ, ಆದರೂ ಪುಷ್ಟ. ಪೊಟ್ಟಣದ ಬೆಣ್ಣೆಯ ಹಳದಿಯಾದರೋ ಅನಾಟೊ ಎಂಬ, ಅಮೆರಿಕದ ಉಷ್ಣವಲಯ ಮೂಲದ ಗಿಡವೊಂದರ ಬೀಜದ ಬಣ್ಣ. ಅದರಲ್ಲಿನ ಬಿಕ್ಸಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವುದಿಲ್ಲ. ಹೀಗೆ ಜೀವಸತ್ವವಿರುವೆಡೆ ಬಣ್ಣವಿಲ್ಲ, ಬಣ್ಣವಿರುವೆಡೆ ಅದು ಜೀವಸತ್ವದ್ದಲ್ಲ.

ಉಪ್ಪು ಬೆಣ್ಣೆಗೆ ಬಂದ ಬಗೆಯನ್ನು ಚುಟುಕಾಗಿ ಹೇಳಬಹುದು. ಅದು ಕೆಡದಿರಲೆಂದು ಬಂದು, ರುಚಿಯಾಗಿ ನೆಲೆಸಿತು. ಹುಳಿತ ಕೆನೆಯ, ಉಪ್ಪುಳ್ಳ ಪೋಲ್ಸನ್ ಬೆಣ್ಣೆಗೆ ಒಗ್ಗಿದ್ದ ಮುಂಬಯಿಯ ನಾಲಿಗೆಯು ಗುಜರಾತಿನ ಆಣಂದಿನ ಸಹಕಾರಿಗಳ ತಾಜಾ ಬೆಣ್ಣೆಯನ್ನು ಸಪ್ಪೆಯೆಂದು ತಳ್ಳಿದಾಗ, ಬೆಣ್ಣೆಗೆ ಬೆಣ್ಣೆಯ ವಾಸನೆ ಬರಲೆಂದು ಡೈಅಸಿಟೈಲ್ ಎಂಬ ರಾಸಾಯನಿಕವನ್ನು ಸೇರಿಸಬೇಕಾಯಿತು. ತಾಜಾತನವು ದೋಷವೆನಿಸಿದ ಇಂಥ ಪ್ರಕರಣ ಸಾಹಿತ್ಯ ವಿಮರ್ಶೆಯಲ್ಲಿ ಬಿಟ್ಟರೆ ಬೇರೆಲ್ಲೂ ಸುಲಭವಾಗಿ ಸಿಗದು.

ಆದರೆ ಗೋವಾದ ಉಪ್ಪನ್ನು ಚುಟುಕಾಗಿ ಹೇಳುವುದು ಅಪಚಾರ. ಆರ್ಪೋರಾ, ನೆರುಲ್, ಅಗರ್ವಾಡೊ ಮೊದಲಾದ ಊರುಗಳ ಮಿಠಾಗರಗಳಲ್ಲಿ, ಅಂದರೆ ಹಿನ್ನೀರಿನ ಉಪ್ಪುನೀರನ್ನು ಮಡಿಗಳಿಗೆ ಬಿಟ್ಟುಕೊಂಡು ಬಿಸಿಲಿಗೆ ಒಣಗಿಸುವ ಗದ್ದೆಗಳಲ್ಲಿ, ಮಳೆಗಾಲ ಹತ್ತಿರವಾಗುವವರೆಗೆ ಬೆಳೆಯುವ ಉಪ್ಪು ಒಂದು ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದ ನಿದ್ದೆಗೆಡಿಸಿತ್ತು. ತಮ್ಮ ಸೀಮೆಯಲ್ಲಿ ಉಪ್ಪಿನ ಮೇಲೆ ಭಾರಿ ಸುಂಕ ಹೇರಿದ್ದ ಬ್ರಿಟಿಷರಿಗೆ ಗಡಿಯಾಚೆಯ ಅಗ್ಗದ ಉಪ್ಪು ಘಟ್ಟ ಹತ್ತಿ ಬರುವುದು ಸಹಿಸದಾಗಿ, 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಮೂಲಕ ಗೋವಾದ ಉಪ್ಪಿನ ತಯಾರಿಕೆಯನ್ನೇ ತಮ್ಮ ಹತೋಟಿಗೆ ತೆಗೆದುಕೊಂಡು, ಅದಕ್ಕೆ ಪ್ರತಿಯಾಗಿ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ತೆತ್ತರು. 1880ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆ 12 ವರ್ಷ ನಡೆದು 1892ರಲ್ಲಿ ಮುಗಿಯುವ ಹೊತ್ತಿಗೆ ಹಲವು ಮಿಠಾಗರಗಳು ಹಾಳುಬಿದ್ದಿದ್ದವು. ಎರಡು ಸಾಮ್ರಾಜ್ಯಗಳು ಸೇರಿ ತಡೆಯಲು ಹವಣಿಸಿದ ಆ ಪದಾರ್ಥವು ಇಂದು ಗುಜರಾತಿನ ಬೆಣ್ಣೆಯ ಹನಿಗಳಲ್ಲಿ ಅಡಗಿ, ಯಾವ ಸುಂಕದವನ ಕಣ್ಣಿಗೂ ಬೀಳದೆ, ನೂರಕ್ಕೆ ಎರಡರಂತೆ ಗೋವಾದ ಗಡಿಯನ್ನು ಎದುರು ದಿಕ್ಕಿನಲ್ಲಿ ದಾಟುತ್ತಿದೆ. ಮಿಠಾಗರದ ಮಗ್ಗುಲಲ್ಲೇ ಕುಳಿತು ಗುಜರಾತಿನ ಉಪ್ಪನ್ನು ಬೆಣ್ಣೆಯಲ್ಲಿ ಸವಿಯುವುದನ್ನು ಅರ್ಥಶಾಸ್ತ್ರಜ್ಞರು ಮಾರುಕಟ್ಟೆಯ ಏಕೀಕರಣವೆನ್ನುತ್ತಾರೆ.

ಈಗ ಮುಖ್ಯ ವಿಚಾರ. ಮೇಲೆ ಹೇಳಿದ ಅಂಕಿಗಳೆಲ್ಲ '100 ಗ್ರಾಮಿಗೆ' ಎಂಬ ಉಪಾಧಿಗೆ ಒಳಪಟ್ಟಿವೆ. ಆದರೆ ಗೋವಾದಲ್ಲಿ 100 ಗ್ರಾಂ ಬೆಣ್ಣೆಯನ್ನು ಬರಿದಾಗಿ ತಿಂದವರಿಲ್ಲ. ಅಲ್ಲಿ ಬೆಣ್ಣೆಯ ಆಶ್ರಯ ಪಾವು. ಬೆಳಗ್ಗೆ ಹಾಗೂ ಸಂಜೆ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತ ಬರುವ ಪೊದೇರನು, ಅಂದರೆ ಬ್ರೆಡ್ಡಿನವನು, ಮೆತ್ತಗಿನ ಪಾವು, ಗಟ್ಟಿ ಸಿಪ್ಪೆಯ ಉಂಡೊ, ತವುಡು ಸವರಿದ ಟೊಳ್ಳು ಪೊಯ್, ಬಳೆಯಾಕಾರದ ಕಾಂಕಣ್ ಎಂಬ ಭೇದಗಳನ್ನು ಮನೆಬಾಗಿಲಿಗೆ ತರುತ್ತಾನೆ. ಆದ್ದರಿಂದ 'ಪಾವ್‌ಮಾನ' ಎಂಬ ಹೊಸ ಮಾನವನ್ನು ಇಲ್ಲಿ ಪ್ರತಿಪಾದಿಸಲಾಗಿದೆ: ಒಂದು ಪಾವಿಗೆ ಒಮ್ಮೆ ಸವರಿದ ಬೆಣ್ಣೆಯೇ ಒಂದು ಪಾವ್‌ಮಾನ. ಇದರ ತೂಕದ ಬಗ್ಗೆ ತನುಲೇಪವಾದಿಗಳು ಮತ್ತು ಘನಲೇಪವಾದಿಗಳೆಂಬ ಎರಡು ಪಂಥಗಳಿದ್ದು, ಮೊದಲನೆಯವರಿಗೆ ಬೆಣ್ಣೆ ಪಾವಿನ ಮೇಲೆ ಹೊಳೆದರೆ ಸಾಕು, ಎರಡನೆಯವರಿಗೆ ಅದರಲ್ಲಿ ಹಲ್ಲಿನ ಅಚ್ಚು ಮೂಡಬೇಕು. ಮೊದಲ ಪಂಥದವರು ಹೆಚ್ಚಾಗಿ ಬೆಣ್ಣೆ ಕೊಂಡವರು, ಎರಡನೆಯ ಪಂಥದವರು ಅತಿಥಿಗಳು. ಇವರ ನಡುವಿನ ಜಗಳ ತೀರುವವರೆಗೆ ತಾತ್ಕಾಲಿಕವಾಗಿ 10 ಗ್ರಾಮೆಂದು ಹಿಡಿದರೆ, ಒಂದು ಪಾವ್‌ಮಾನಕ್ಕೆ 72 ಕಿಲೊಕ್ಯಾಲರಿ, 5 ಗ್ರಾಂ ಸಂತೃಪ್ತ ಕೊಬ್ಬು ಹಾಗೂ 83 ಮಿಲಿಗ್ರಾಂ ಸೋಡಿಯಂ ಆಗುತ್ತದೆ. 2000 ಕಿಲೊಕ್ಯಾಲರಿಯ ಆಹಾರದಲ್ಲಿ ದಿನಕ್ಕೆ 22 ಗ್ರಾಂ ಸಂತೃಪ್ತ ಕೊಬ್ಬು ಮಿತಿಯಾದ್ದರಿಂದ ನಾಲ್ಕು ಪಾವ್‌ಮಾನಕ್ಕೆ ಅದು ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಸೋಡಿಯಮ್ಮಿನ 2000 ಮಿಲಿಗ್ರಾಂ ಮಿತಿಯನ್ನು ಮುಟ್ಟಲು ಮಾತ್ರ 24 ಪಾವ್‌ಮಾನ ಬೇಕು. ಅಂದರೆ ಉಪ್ಪುಬೆಣ್ಣೆಯಲ್ಲಿ ಹೆದರಬೇಕಾದ್ದು ಹೆಸರಿನಲ್ಲಿರುವ ಉಪ್ಪಿಗಲ್ಲ.

ಇಲ್ಲೊಂದು ವಿಸ್ಮಯವಿದೆ. ಬೇಕರಿಯ ವಾಡಿಕೆಯಂತೆ ಹಿಟ್ಟಿನ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಉಪ್ಪು ಬೀಳುತ್ತದೆಂದು ಹಿಡಿದರೆ, 30 ಗ್ರಾಂ ಹಿಟ್ಟಿನ ಒಂದು ಪಾವಿನಲ್ಲಿ ಕಡಿಮೆಯೆಂದರೂ 175 ಮಿಲಿಗ್ರಾಂ ಸೋಡಿಯಂ ಇರಬೇಕು. ಇದು ಅದರ ಮೇಲಿನ ಬೆಣ್ಣೆಯಲ್ಲಿರುವುದರ ಎರಡು ಪಟ್ಟು. ವೈದ್ಯರ ಮಾತಿಗೆ ಅಂಜಿ ಉಪ್ಪುಬೆಣ್ಣೆಯನ್ನು ಬಿಟ್ಟು ಬರಿಯ ಪಾವನ್ನು ಇನ್ನೊಂದು ಹೆಚ್ಚು ತಿಂದವನು ಉಪ್ಪಿನ ಲೆಕ್ಕದಲ್ಲಿ ಸೋತಂತೆಯೇ.

ಋತುಮಾನವನ್ನು ಗಣಿಸದ ಲೇಬಲ್ಲು ಗೋವಾದಲ್ಲಿ ಪ್ರಮಾಣವಾಗಲಾರದು ಎಂಬುದು ಇನ್ನೊಂದು ಆಕ್ಷೇಪ. ಬೆಣ್ಣೆಯು 32ರಿಂದ 35 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಕರಗುತ್ತದೆ. ಮೇ ತಿಂಗಳ ಪಣಜಿಯ ಮಧ್ಯಾಹ್ನವೂ ಅದೇ ಆಸುಪಾಸಿನಲ್ಲಿರುತ್ತದೆ. ಕರೆಂಟು ಹೋಗಿ ಫ್ರಿಜ್ಜು ನಿಂತ ಮನೆಯಲ್ಲಿ ಬಟ್ಟಲಿನ ಬೆಣ್ಣೆಯು ಕರಗಿ ಇಬ್ಭಾಗವಾಗಿ, ಕೊಬ್ಬು ಮೇಲೆ ತೇಲಿ, ಉಪ್ಪುನೀರು ತಳ ಸೇರುವುದರಿಂದ, ಮೊದಲು ಚಾಕು ಹಾಕಿದ ಹಿರಿಯರಿಗೆ ಉಪ್ಪಿಲ್ಲದ ಕೊಬ್ಬೂ ಕೊನೆಗೆ ಬಂದ ಕಿರಿಯರಿಗೆ ಕೊಬ್ಬಿಲ್ಲದ ಉಪ್ಪೂ ದಕ್ಕುತ್ತದೆ. ಪೋಷಕಾಂಶವು ಇಲ್ಲಿ ವಯಸ್ಸನ್ನೂ ಚಾಕುವಿನ ಆಳವನ್ನೂ ಅವಲಂಬಿಸಿದೆ. ಕಡಲದಂಡೆಯ ಶ್ಯಾಕುಗಳ ಬಟರ್ ಗಾರ್ಲಿಕ್ ಸಿಗಡಿಯಲ್ಲಿ ಈ ತೊಡಕು ಮತ್ತೊಂದು ಬಗೆಯದು: ಬಾಣಲೆಯಲ್ಲಿ ಚಟಪಟವೆನ್ನುವುದು ಬೆಣ್ಣೆಯೊಳಗಿನ ನೀರು, ಅದು ಆವಿಯಾದರೂ ಉಪ್ಪು ಹೋಗದು, ಅದರ ಮೇಲೆ ಬಾಣಸಿಗನು ತನ್ನ ಕೈಯುಪ್ಪನ್ನೂ ಹಾಕುತ್ತಾನೆ, ಸಿಗಡಿಯಾದರೋ ಸ್ವಭಾವತಃ ಸಮುದ್ರವಾಸಿ.

ಕೊನೆಯದಾಗಿ ಪುನರ್ಲೇಪದ ಸಮಸ್ಯೆ. ಟೊಳ್ಳು ಪೊಯ್‌ಯನ್ನು ಸೀಳಿ ಒಳಗೆ ಬೆಣ್ಣೆ ಸವರಿದವನು ಅರ್ಧ ತಿಂದಾದ ಮೇಲೆ, ಒಣಗಿದಂತೆ ಕಂಡ ಉಳಿದರ್ಧಕ್ಕೆ ಮತ್ತೆ ಚಾಕು ಹಾಕುತ್ತಾನೆ. ಇದನ್ನು ಮೊದಲ ಪಾವ್‌ಮಾನದ ಶೇಷವೆಂದು ತನುಲೇಪವಾದಿಗಳೂ, ಹೊಸ ಪಾವ್‌ಮಾನದ ಆರಂಭವೆಂದು ಘನಲೇಪವಾದಿಗಳೂ ವಾದಿಸುತ್ತಾರೆ. ಎರಡನೆಯ ಮತವನ್ನು ಒಪ್ಪಿದರೆ ಆ ಹೊಸ ಪಾವ್‌ಮಾನವನ್ನು ಪೂರ್ಣಗೊಳಿಸಲು ಇನ್ನರ್ಧ ಪೊಯ್ ಬೇಕಾಗುತ್ತದೆ, ಅದಕ್ಕಾಗಿ ಇನ್ನೊಂದು ಪೊಯ್ ಸೀಳಬೇಕಾಗುತ್ತದೆ, ಸೀಳಿದ ಮೇಲೆ ಅದರ ಉಳಿದರ್ಧ ಒಣಗಿದಂತೆ ಕಾಣುತ್ತದೆ. ತರ್ಕಶಾಸ್ತ್ರದಲ್ಲಿ ಇಂಥ ಕೊನೆಯಿಲ್ಲದ ಸರಣಿಗೆ ಅನವಸ್ಥಾದೋಷವೆಂದು ಹೆಸರು. ಗೋವಾದ ಮನೆಗಳಲ್ಲಿ ಅದು ಪೊದೇರನ ಬುಟ್ಟಿ ಖಾಲಿಯಾದೊಡನೆ ತಾನಾಗಿ ಪರಿಹಾರವಾಗುತ್ತದೆ.