ಜರಾ ತಡಿ

ಪ್ರತಿ ಹಾಸ್ಟೆಲಿನಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಹೊಸ ಫೋನ್ ಕೊಳ್ಳುವವರು ಅಂಗಡಿಗೆ ಹೋಗುವ ಮುನ್ನ ಅವನ ಕೋಣೆಗೆ ಹೋಗಿ ಬರಬೇಕು. ಕೇಳದೆ ಕೊಂಡು ತಂದಿರೋ, ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತಿರುತ್ತಾನೆ. ತಿರುಗಿಸಿ ಮುರುಗಿಸಿ ನೋಡಿ "ಛಲೋ ಅದ" ಎನ್ನುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು "ಎಷ್ಟಕ್ಕ ಬಿತ್ತು?" ಎನ್ನುತ್ತಾನೆ. ನೀವು ಹೇಳಿದಿರಿ. ಅವನು "ಹ್ಞಾ..." ಎಂದಷ್ಟೇ ಹೇಳಿ ಹೊರಟುಹೋಗುತ್ತಾನೆ. ಆ "ಹ್ಞಾ"ದಿಂದ ಚೇತರಿಸಿಕೊಳ್ಳಲು ವಾರವಾದರೂ ಬೇಕು.

ಕಲಬುರಗಿಯ ನಮ್ಮ ಹಾಸ್ಟೆಲಿನಲ್ಲಿ ಆ ಪೀಠ ತಡಿಯಪ್ಪನದು. ಮನೆಯವರು ಇಟ್ಟ ಹೆಸರು ಬೇರೆಯೇ ಇದೆ. ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತದೆ, ಆಗಲೂ ಅವನು ಕೂಡಲೇ ಓಗೊಡುವುದಿಲ್ಲ. ಇಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಯಾರು ಏನು ಕೊಳ್ಳಬೇಕು ಎಂದು ಕೇಳಿದರೂ ಮೊದಲು ಬಜೆಟ್ ಕೇಳುತ್ತಾನೆ, ಹಳೆಯ ಕಾಲದ ಪಂಡಿತರು ನಾಡಿ ಹಿಡಿಯುತ್ತಿದ್ದ ಗಾಂಭೀರ್ಯದಲ್ಲಿ.

"ಹದಿನೈದಾ? ಹದಿನೈದಕ್ಕ ಈಗ ಮಾರ್ಕೆಟ್‌ನಾಗ ಒಂದೂ ನೆಟ್ಟಗ ಇಲ್ಲ. ಹದಿನೆಂಟು ಮಾಡು. ಹದಿನೆಂಟು ಮಾಡೋದಾದ್ರ ಇನ್ನ ಮೂರು ಹಾಕಿ ಇಪ್ಪತ್ತೊಂದು ಮಾಡು. ಇಪ್ಪತ್ತೊಂದು ಕೊಡಾಂವ ಆದ್ರ, ಜರಾ ತಡಿ, ಮುಂದಿನ ತಿಂಗಳ ಹೊಸಾದು ಬರ್ಲಿಕತ್ತದ."

ಮುಂದಿನ ತಿಂಗಳು ಹೊಸದು ಬರುತ್ತದೆ. ಈಗ ಹಳೆಯದರ ಬೆಲೆ ಇಳಿದಿದೆ, ತಗೊಳ್ಳಲೇ ಎಂದರೆ ದಸರಾ ಸೇಲ್ ತನಕ ತಡಿ. ದಸರಾಕ್ಕೆ ಹೋದರೆ ದೀಪಾವಳಿ ಮೂರೇ ವಾರದಲ್ಲಿದೆ. ದೀಪಾವಳಿ ಮುಗಿಯಿತೋ, ಹೊಸ ವರ್ಷಕ್ಕೆ ಹೊಸ ಚಿಪ್ ಬರುವ ಮಾತು ಶುರುವಾಗಿರುತ್ತದೆ. ಇಂಥ ಹೊತ್ತಿನಲ್ಲಿ ಹಳೆಯ ಚಿಪ್ ಕೊಳ್ಳುವವನಿಗೆ ಬುದ್ಧಿ ಇದೆಯೇ? ಹೀಗೆ ಪಂಚಾಂಗದಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ ಮುಹೂರ್ತ ಸಿಕ್ಕರೂ ತಡಿಯಪ್ಪನ ಪಂಚಾಂಗದಲ್ಲಿ ಫೋನ್ ಕೊಳ್ಳಲು ಮುಹೂರ್ತವಿಲ್ಲ. ವರ್ಷಪೂರ್ತಿ ರಾಹುಕಾಲ.

ಇಷ್ಟು ಹೇಳುವವನ ಕೈಯಲ್ಲಿರುವ ಫೋನನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ವಾಲ್ಯೂಮ್ ಗುಂಡಿ ಒಳಗೆ ಹೋಗಿ ಕೂತಿದೆ, ಪೆನ್ನಿನ ಮುಚ್ಚಳದ ತುದಿಯಿಂದ ಚುಚ್ಚಬೇಕು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯಿ ಬಿಟ್ಟಿರುವುದರಿಂದ ನಡುವಿಗೊಂದು ರಬ್ಬರ್ ಬ್ಯಾಂಡ್. ಪರದೆಯ ಮೇಲೆ ಕರೆ ಕಟ್ ಮಾಡುವ ಕೆಂಪು ಗುಂಡಿ ಇರುವ ಜಾಗಕ್ಕೆ ಸ್ಪರ್ಶಜ್ಞಾನ ಹೋಗಿದೆ, ಹಾಗಾಗಿ ಮಾತು ಮುಗಿದ ಮೇಲೆ ಫೋನ್ ಇಡುವುದು ಯಾವಾಗಲೂ ಆ ಕಡೆಯವರ ಜವಾಬ್ದಾರಿ. ಅವನ ಅವ್ವ ಇಡಲು ಮರೆತರೆ ಮುಗಿಯಿತು. ಅವರ ಮನೆಯ ಕುಕ್ಕರಿನ ಸೀಟಿ, ಎಮ್ಮೆಯ ಕೂಗು, ಸಂಜೆಯ ಧಾರಾವಾಹಿಯ ಅತ್ತೆ-ಸೊಸೆ ಜಗಳ ಎಲ್ಲವೂ ನಮ್ಮ ಕೋಣೆಯಲ್ಲಿ ನೇರ ಪ್ರಸಾರ. ಆ ಧಾರಾವಾಹಿಯ ಕತೆ ಈಗ ನಮಗೆಲ್ಲ ಬಾಯಿಪಾಠ.

ಚಾರ್ಜ್ ಹಾಕುವುದೇ ಒಂದು ವಿಧಿ. ಪಿನ್ ಸಡಿಲ. ಫೋನನ್ನು ಒಂದು ನಿರ್ದಿಷ್ಟ ಓರೆಯಲ್ಲಿ ಮಲಗಿಸಿ, ವೈರಿನ ಕೆಳಗೆ 'ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್' ಪುಸ್ತಕ ಕೊಟ್ಟು, ಮೇಲೆ ಸೋಪಿನ ಡಬ್ಬಿ ಇಟ್ಟು, ಫ್ಯಾನ್ ಗಾಳಿಗೆ ಅಲುಗದಂತೆ ನೋಡಿಕೊಳ್ಳಬೇಕು. ಆ ಪುಸ್ತಕದಿಂದ ಅವನು ಪಡೆದ ಪ್ರಯೋಜನ ಅದೊಂದೇ, ಆದರೆ ನಿತ್ಯ ಪಡೆಯುತ್ತಾನೆ. 2024ರ ಡಿಸೆಂಬರಿನಲ್ಲಿ ಯುರೋಪಿನಲ್ಲಿ ಮಾರುವ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಚಾರ್ಜಿಂಗ್ ಕಡ್ಡಾಯವಾದಾಗ ಮೆಸ್ಸಿನಲ್ಲಿ ಊಟಕ್ಕೆ ಕೂತವರನ್ನೆಲ್ಲ ನಿಲ್ಲಿಸಿ ಅರ್ಧ ಗಂಟೆ ಭಾಷಣ ಮಾಡಿದ್ದ. ಲೋಕಕ್ಕೆಲ್ಲ ಒಂದೇ ಚಾರ್ಜರ್ ಎಂಬ ರಾಮರಾಜ್ಯದ ವರ್ಣನೆ. ಭಾಷಣ ಮುಗಿದ ಮೇಲೆ ಕೋಣೆ ಕೋಣೆಗೂ ಹೋಗಿ ಹಳೆಯ ಮೈಕ್ರೋ ಪಿನ್ನಿನ ವೈರ್ ಯಾರ ಬಳಿಯಾದರೂ ಇದೆಯೇ ಎಂದು ಕೇಳಿಕೊಂಡು ಬಂದ. ವಾಚ್‌ಮನ್ ಕಾಕಾನ ಹತ್ತಿರ ಇತ್ತು.

ಬೇಸಿಗೆ ಬಂತೆಂದರೆ ಈ ಫೋನ್ ಇನ್ನೊಂದು ಅವತಾರ ಎತ್ತುತ್ತದೆ. ದುಬಾರಿ ಫೋನಿನ ಕಂಪನಿಯೇ ಸುತ್ತಲಿನ ಬಿಸಿ 35 ಡಿಗ್ರಿ ದಾಟಿದ ಕಡೆ ನಮ್ಮ ಸಾಧನ ಬಳಸಬೇಡಿ ಎಂದು ಬರೆಯುತ್ತದೆ. ಪುಣ್ಯಾತ್ಮರು ಏಪ್ರಿಲಿನಲ್ಲಿ ಒಮ್ಮೆಯೂ ಜಗತ್ ಸರ್ಕಲಿನಲ್ಲಿ ನಿಂತವರಲ್ಲ. ಇಲ್ಲಿ ಏಪ್ರಿಲ್, ಮೇ ಬಂತೆಂದರೆ 40 ದಾಟುವುದು ಸುದ್ದಿಯೇ ಅಲ್ಲ. ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚಿಕೊಳ್ಳುತ್ತವೆ. ಕಂಪನಿಯ ಮಾತು ಕೇಳಿದರೆ ಕಲಬುರಗಿಯವರು ಮಾರ್ಚಿನಲ್ಲಿ ಫೋನನ್ನು ಟ್ರಂಕಿಗೆ ಹಾಕಿ ಬೀಗ ಜಡಿದು ಮುಂಗಾರಿನಲ್ಲಿ ತೆಗೆಯಬೇಕು. ಲಿಥಿಯಂ ಬ್ಯಾಟರಿಗೆ ಬಿಸಿ ಎಂದರೆ ಆಗದು, ಒಳಗಿನ ರಾಸಾಯನಿಕ ಕ್ರಿಯೆ ಬೇಡದ ದಾರಿ ಹಿಡಿದು ಆಯುಸ್ಸು ಕರಗುತ್ತದೆ ಎಂಬುದನ್ನು ತಡಿಯಪ್ಪ ಚಿತ್ರ ಬರೆದು ವಿವರಿಸಬಲ್ಲ. ಆ ಬ್ಯಾಟರಿಯ ಕೆಲಸಕ್ಕೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡಿನಫ್ ಅವರಿಗೆ ಆಗ 97 ವರ್ಷ ಎಂಬುದು ಅವನ ಅಚ್ಚುಮೆಚ್ಚಿನ ಸಂಗತಿ. "ನೋಡ್ರಿ, ತಡದಾಂವ ಅಂದ್ರ ಅಂವ!" ವಿವರಣೆಯಾದ ಮೇಲೆ ಕಾದ ಫೋನನ್ನು ಒಯ್ದು ನೀರಿನ ಮಡಕೆಯ ಮುಚ್ಚಳದ ಮೇಲೆ ಇಡುತ್ತಾನೆ. ಫ್ರಿಜ್ಜಿನಲ್ಲಿಡಬಾರದಂತೆ, ಒಳಗೆ ತೇವ ಕಟ್ಟುತ್ತದೆ. ನೀರು ಕುಡಿಯಬೇಕೆಂದವರು ಮೊದಲು ಫೋನ್ ಎತ್ತಿ ಪಕ್ಕಕ್ಕಿಟ್ಟು, ನೀರು ತೆಗೆದು, ಮತ್ತೆ ಫೋನನ್ನು ಸ್ವಸ್ಥಾನಕ್ಕೆ ಮರಳಿಸಬೇಕು.

ಟ್ರೆಂಡುಗಳ ವಿಷಯದಲ್ಲೂ ಇದೇ ವ್ರತ. 2017ರಲ್ಲಿ ಶಾಲೆಯ ಹುಡುಗರೆಲ್ಲ ಬೆರಳ ಮೇಲೆ ಸ್ಪಿನ್ನರ್ ತಿರುಗಿಸುತ್ತಿದ್ದಾಗ ಬೇರಿಂಗ್ ಒಳ್ಳೆಯದು ಬರಲಿ ಎಂದು ತಡೆದನಂತೆ. ಅಷ್ಟರಲ್ಲಿ ಸ್ಪಿನ್ನರ್‌ಗಳೆಲ್ಲ ಕಸದ ಬುಟ್ಟಿ ಸೇರಿದವು. 2025ರ ಬೇಸಿಗೆಯ ಶುರುವಿನಲ್ಲಿ ಊರಿಗೆ ಊರೇ ತನ್ನ ಫೋಟೋವನ್ನು ಜಪಾನಿನ ಗಿಬ್ಲಿ ಚಿತ್ರಗಳ ಶೈಲಿಗೆ ಬದಲಿಸಿ ಹಾಕಿಕೊಳ್ಳುತ್ತಿತ್ತು. ನಮ್ಮ ಮೆಸ್ಸಿನ ಅಡುಗೆಯವರೂ ಸೌಟು ಹಿಡಿದು ಗಿಬ್ಲಿಯಾದರು. ತಡಿಯಪ್ಪ ಮಾತ್ರ ಸರ್ವರ್ ಮೇಲಿನ ಭಾರ ಇಳಿಯಲಿ ಎಂದು ಕಾದ. ಭಾರ ಇಳಿಯಿತು. ಅವನು ಹಾಕಿದ ಚಿತ್ರಕ್ಕೆ ಒಂದೇ ಒಂದು ಲೈಕ್ ಬಂತು, ಅವನ ಸೋದರಮಾವನದು.

ಆದರೆ ಕಾಯುವವನಿಗೆ ಫಲ ಸಿಗುವುದೇ ಇಲ್ಲ ಎನ್ನುವಂತಿಲ್ಲ. ನಾವೆಲ್ಲ ಕಾಲಿಗಂಟಿದ ಜೀನ್ಸಿನೊಳಗೆ ಹೊಕ್ಕು, ಬೇಸಿಗೆಯಲ್ಲಿ ಅದರಿಂದ ಹೊರಬರಲು ಗೆಳೆಯರ ನೆರವು ಕೇಳುತ್ತಿದ್ದ ಕಾಲದಲ್ಲಿ ಇವನು ಅಪ್ಪನ ಹಳೆಯ ಸಡಿಲ ಪ್ಯಾಂಟುಗಳನ್ನೇ ತೊಡುತ್ತಿದ್ದ. ಮುಂಭಾಗದಲ್ಲಿ ನೆರಿಗೆ ಇರುವಂಥವು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವಾಕೆಗೆ ಕೊಡಬೇಕೆಂದು ಅವನ ಅವ್ವ ಗಂಟು ಕಟ್ಟಿಟ್ಟಿದ್ದಳಂತೆ. ಆಕೆ ಒಂದು ಡಬ್ಬಿಗೂ ಮುಚ್ಚಳ ಕೊಡಲು ಒಪ್ಪದೆ ಹೋದದ್ದರಿಂದ ಉಳಿದವು. ಈಗ ನೋಡಿದರೆ ಸಡಿಲ ಪ್ಯಾಂಟೇ ಫ್ಯಾಷನ್. ಜೂನಿಯರ್ ಹುಡುಗಿಯರು ಅಡ್ಡಗಟ್ಟಿ "ಅಣ್ಣಾ, ಇದು ಯಾವ ಬ್ರ್ಯಾಂಡ್?" ಎಂದು ಕೇಳುತ್ತಾರೆ. ವೈರಿನ ಇಯರ್‌ಫೋನೂ ಹಾಗೇ. ಐಫೋನ್ 2016ರಲ್ಲಿ ಇಯರ್‌ಫೋನಿನ ತೂತು ಮುಚ್ಚಿತು, ಮಿಕ್ಕವರು ಬೆನ್ನು ಹತ್ತಿದರು, ಎಲ್ಲರೂ ಕಿವಿಗೆ ಬಿಳಿ ಬೀಜ ಸಿಕ್ಕಿಸಿಕೊಂಡು ಒಂದು ಕಳೆದು ಒಂದರಲ್ಲಿ ಬಾಳುವೆ ಮಾಡಿದರು. ಈಗ ನಟಿಯರು ವೈರ್ ಇಳಿಬಿಟ್ಟು ಓಡಾಡುತ್ತಾರೆ. ತಡಿಯಪ್ಪ ನಿಂತಲ್ಲೇ ನಿಂತಿದ್ದ, ಲೋಕವೇ ಒಂದು ಸುತ್ತು ಹಾಕಿ ಅವನ ಬಳಿ ಬಂತು. ಅಂದಿನಿಂದ ಅವನನ್ನು ಹಿಡಿಯುವವರಿಲ್ಲ.

ಹಿಡಿಯುವವರಿಲ್ಲದ ಆ ಹೊತ್ತಿನಲ್ಲೇ ಕೂಲರಿನ ಪ್ರಸ್ತಾಪ ಬಂದದ್ದು.

ಮಾರ್ಚಿನಲ್ಲಿ, ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ, ಕೋಣೆಯ ನಾಲ್ವರೂ ರೊಕ್ಕ ಕೂಡಿಸಿ ಕೂಲರ್ ತರುವುದೆಂದು ಮಾತಾಯಿತು. ವಾರ್ಡನ್ ಕೂಡ ಹೂಂ ಎಂದಿದ್ದರು. ಸೂಪರ್ ಮಾರ್ಕೆಟ್ ಕಡೆ ಹೊರಟು ಚಪ್ಪಲಿ ಮೆಟ್ಟಿದ್ದೂ ಆಗಿತ್ತು. "ಜರಾ ತಡೀರಿ" ಎಂದ. ಮಾರ್ಚಿನಲ್ಲಿ ಎಲ್ಲರೂ ಕೊಳ್ಳುತ್ತಾರೆ, ಅಂಗಡಿಯವನು ಏರಿಸಿರುತ್ತಾನೆ. ಅದೂ ಅಲ್ಲದೆ ಹುಲ್ಲಿನ ಪ್ಯಾಡ್ ಬೇಕೋ ಜೇನುಗೂಡಿನ ಪ್ಯಾಡ್ ಬೇಕೋ, ಮೋಟರ್ ಹಳೆಯ ಬಗೆಯದೋ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿಯೋ, ಟಾಕಿಗೆ ಎಷ್ಟು ಲೀಟರ್ ಎಂಬುದನ್ನೆಲ್ಲ ಕೂಡಿಸಿ ಒಂದು ಪಟ್ಟಿ ಮಾಡಬೇಕು. ಪಟ್ಟಿ ಶುರುವಾಯಿತು, ನನ್ನ ಲ್ಯಾಪ್‌ಟಾಪಿನಲ್ಲಿ.

ಉಡುಪಿಯಿಂದ ಬಂದ ರೂಮ್‌ಮೇಟಿಗೆ ಕೂಲರಿನ ಮೇಲೆಯೇ ನಂಬಿಕೆಯಿಲ್ಲ. "ಎಂತ ಮಾರಾಯ, ನಮ್ಮಲ್ಲಿ ಇದನ್ನು ಹಾಕಿದ್ರೆ ಗೋಡೆಗೆ ಬೆವರು ಬರ್ತದೆ" ಎಂದ. ಅದಕ್ಕೂ ತಡಿಯಪ್ಪನ ಬಳಿ ಪಾಠವಿತ್ತು. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ, ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ. ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ, ನಮ್ಮ ಗಾಳಿಗೆ ಬಾಯಾರಿಕೆ. ಕಿಟಕಿ ತೆರೆದಿಟ್ಟರೇ ಕೂಲರ್ ಕೆಲಸ ಮಾಡುವುದು, ಮುಚ್ಚಿದರೆ ಕೋಣೆಯೇ ಉಡುಪಿಯಾಗುತ್ತದೆ. ಎಷ್ಟು ಸೊಗಸಾಗಿ ಹೇಳಿದನೆಂದರೆ ಕೇಳುತ್ತ ಕೇಳುತ್ತ ನಮಗೆ ತಣ್ಣಗಾದಂತೆಯೇ ಅನ್ನಿಸಿತು. ಆ ತಂಪಿನಲ್ಲೇ ಏಪ್ರಿಲ್ ಕಳೆಯಿತು.

ಕೋಣೆ ಮೇಲಿನ ಮಹಡಿಯದು. ಮಧ್ಯಾಹ್ನ ಮಂಚದ ಕಬ್ಬಿಣ ಮುಟ್ಟಿದರೆ ಚುರ್ ಎನ್ನುವುದು, ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಕಾಸುವ ಅಗತ್ಯವಿಲ್ಲದ ನೀರು. ಲುಂಗಿ ನೆನೆಸಿ ಕಿಟಕಿಗೆ ಕಟ್ಟಿದೆವು, ಒಣಗಿದ ಕೂಡಲೇ ಮತ್ತೆ ನೆನೆಸಲು ಪಾಳಿ ಹಾಕಿಕೊಂಡೆವು. ಕೂಲರಿಗೆಂದು ಕೂಡಿಸಿದ ರೊಕ್ಕ ಒಂದೊಂದೇ ಕಬ್ಬಿನ ಹಾಲಿಗೆ, ಲಿಂಬು ಸೋಡಾಕ್ಕೆ ಹರಿದುಹೋಯಿತು. ಮೇ ಕೊನೆಯಲ್ಲಿ ಪಟ್ಟಿ ಪೂರ್ಣವಾಯಿತು. ಅದೇ ಸಂಜೆ ಗುಡುಗು ಸಿಡಿಲು ಸಮೇತ ಮಳೆ. ನಾವು ಮೂವರೂ ಒಟ್ಟಿಗೆ ಅವನ ಕಡೆ ನೋಡಿದೆವು. ಅವನ ಮುಖ ಅರಳಿತ್ತು. "ನಾ ಹೇಳಿದ್ದಿಲ್ಲೇನು? ಈಗ ನೋಡ್ರಿ ರೇಟ್ ಹೆಂಗ ಇಳೀತದ!"

ಇವನ ಜಾತಿಯವರಿಗೆ ಒಂದು ಕಂಪನಿಯನ್ನೇ ಮುಳುಗಿಸುವ ತಾಕತ್ತಿದೆ ಎಂಬುದು ಇತ್ತೀಚೆಗೆ ಓದಿ ತಿಳಿಯಿತು. ಆಡಮ್ ಆಸ್ಬರ್ನ್ ಎಂಬಾತ 1981ರಲ್ಲಿ ಕೈಯಲ್ಲಿ ಹಿಡಿದೊಯ್ಯಬಹುದಾದ ಕಂಪ್ಯೂಟರ್ ಮಾರಿದ. ಐದಿಂಚಿನ ಪರದೆ, ಹನ್ನೊಂದು ಕಿಲೋ ತೂಕ. ಒಯ್ಯಲು ರಟ್ಟೆ ಗಟ್ಟಿ ಬೇಕು, ಆದರೂ ಜನ ಮುಗಿಬಿದ್ದರು. 1983ರಲ್ಲಿ ಇದಕ್ಕಿಂತ ಚೆನ್ನಾಗಿರುವುದು ಬರಲಿದೆ ಎಂಬ ಮಾತು ಹೊರಬಿತ್ತು. ಅಮೆರಿಕದ ತಡಿಯಪ್ಪಂದಿರೆಲ್ಲ ಜರಾ ತಡೆದರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ. ಕಾರಣ ಬೇರೆಯೂ ಇದ್ದವು ಎನ್ನುವವರಿದ್ದಾರೆ, ಆದರೆ ಇಂಥ ಅನಾಹುತಕ್ಕೆ ಆತನ ಹೆಸರೇ ನಿಂತಿತು. ಸ್ವಾರಸ್ಯವೆಂದರೆ ಆಸ್ಬರ್ನ್ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ. ಅವನ ಅಪ್ಪ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಭಕ್ತ, ಅವರ ಬಗ್ಗೆ ಪುಸ್ತಕ ಬರೆದವರು. ಸುಮ್ಮನಿರುವುದನ್ನೇ ಉಪದೇಶ ಮಾಡಿದವರ ನೆರಳಲ್ಲಿ ಬೆಳೆದ ಹುಡುಗ ಮುಂದಿನ ಮಾಡೆಲ್ ಬಗ್ಗೆ ಸುಮ್ಮನಿರಲಾಗದೆ ಕೆಟ್ಟ! ಈ ಕತೆ ಹೇಳಿದರೆ ತಡಿಯಪ್ಪ ಮರುಗುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ: "ದಿವಾಳಿ ಆದಮ್ಯಾಲ ಸ್ಟಾಕ್ ಎಷ್ಟಕ್ಕ ಮಾರಿದ್ರಂತ?"

ನಿಜ ಹೇಳಬೇಕೆಂದರೆ ನಮ್ಮ ಬ್ಯಾಚಿನವರೆಲ್ಲ ಸ್ವಲ್ಪ ಸ್ವಲ್ಪ ತಡಿಯಪ್ಪಗಳೇ. 2020ರ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿ ಮುಗಿಸಿ ಕೂತಿದ್ದೆವು. ಲಾಕ್‌ಡೌನ್ ಬಂತು, ಪರೀಕ್ಷೆ ಶುರುವಾದದ್ದು ಜೂನ್ 25ಕ್ಕೆ. ಓದಿದ್ದು ಮರೆತು, ಮರೆತದ್ದು ಓದಿ, ಮತ್ತೆ ಮರೆತು ಬರೆದವರು ನಾವು. ಅಷ್ಟಾದರೂ ಈ ಸಲ ಧೈರ್ಯ ಉಳಿಯಲಿಲ್ಲ. ಕ್ಯಾಂಪಸ್ಸಿಗೆ ಬಂದ ಕಂಪನಿಯೊಂದು ನಮ್ಮಲ್ಲಿ ಒಂದಷ್ಟು ಜನರನ್ನು ಆರಿಸಿ, ಕೈಕುಲುಕಿ, ಟೀ ಶರ್ಟ್ ಕೊಟ್ಟು ಹೋಗಿತ್ತು. ಸೇರುವ ತಾರೀಖು ಕೇಳಿದರೆ 'ಶೀಘ್ರದಲ್ಲೇ ತಿಳಿಸಲಾಗುವುದು' ಎಂಬ ಮೇಲ್. ತಿಂಗಳು ಬಿಟ್ಟು ಮತ್ತೆ ಅದೇ ಮೇಲ್, ಈ ಸಲ 'ಶೀಘ್ರದಲ್ಲೇ' ಕೂಡ ಇರಲಿಲ್ಲ. ಊರಿನಲ್ಲಿ ಅಪ್ಪಂದಿರು ಕೇಳುತ್ತಿದ್ದಾರೆ, ಅತ್ತೆ-ಮಾವಂದಿರು ಅದಕ್ಕಿಂತ ಜೋರಾಗಿ ಕೇಳುತ್ತಿದ್ದಾರೆ. ರಾತ್ರಿ ಹತ್ತರ ಮೇಲೆ ತಾರಸಿಯಲ್ಲಿ ಚಾಪೆ ಹಾಸಿಕೊಂಡು ಎಲ್ಲರೂ ಮೇಲ್ ತೆರೆಯುವುದು, ಮುಚ್ಚುವುದು.

ಆರಿಸಲ್ಪಟ್ಟವರಲ್ಲಿ ತಡಿಯಪ್ಪನೂ ಒಬ್ಬ. ಅವನು ಮಾತ್ರ ನಿಶ್ಚಿಂತೆಯಿಂದ ಚುರುಮುರಿ ತಿನ್ನುತ್ತಿದ್ದ. ಹಾಗಾಗಿ ಈಗ ಫೋನ್ ಕೇಳಲು ಬರುತ್ತಿದ್ದವರೆಲ್ಲ ಸಮಾಧಾನ ಕೇಳಲು ಅವನ ಚಾಪೆಯ ಸುತ್ತ ಕೂರುತ್ತಾರೆ. ಮೊನ್ನೆ ಉಡುಪಿಯವನು ತಡೆಯಲಾರದೆ "ನಿನಗೆ ಹೆದರಿಕೆ ಆಗುದಿಲ್ವನಾ?" ಎಂದು ಕೇಳಿಯೇ ಬಿಟ್ಟ.

ತಡಿಯಪ್ಪ ಚುರುಮುರಿಯ ಕಾಗದ ಮಡಚಿ ಜೇಬಿಗಿಟ್ಟುಕೊಂಡ. "ಹೆದರ್ಲಿಕ್ಕೇನದ? ಈಗ ಸೇರ್ಕೊಂಡ್ರ ಹಳೇ ಪ್ರೊಸೆಸರಿಂದು ಲ್ಯಾಪ್‌ಟಾಪ್ ಕೈಗೆ ಕೊಡ್ತಾರ. ಜನವರಿ ತನಾ ತಡದ್ರ ಹೊಸಾದು ಬರ್ತದ."