ಸುಡದ ಪೆಟ್ಟಿಗೆ: ಬಳಕೆದಾರರ ಕೈಪಿಡಿ

(ಕಲಬುರಗಿ ಆವೃತ್ತಿ. ಬಳಸುವ ಮುನ್ನ ಓದಿರಿ. ಕೆಟ್ಟ ಮೇಲೆ ಮತ್ತೊಮ್ಮೆ ಓದಿರಿ.)

1. ಯಂತ್ರದ ಪರಿಚಯ

1945ರ ಸುಮಾರಿಗೆ ಅಮೆರಿಕದ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ರೇಡಾರಿನ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತಂತೆ. ಮೈಕ್ರೋವೇವ್ ಒಲೆ ಹುಟ್ಟಿದ್ದು ಹಾಗೆ. ಕಲಬುರಗಿಯ ಮೇ ತಿಂಗಳಲ್ಲಿ ಎಲ್ಲರ ಜೇಬಿನಲ್ಲೂ ಮಿಠಾಯಿ ಕರಗುವುದರಿಂದ ನಮ್ಮಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಶೋಧ ಕೈತಪ್ಪಿತು.

2. ಸ್ಥಾಪನೆ

ಪೆಟ್ಟಿಗೆಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಮೇಲೆ ಏನೂ ಇಡಬಾರದು. ಒಂದು ವಾರದೊಳಗೆ ಕಡಕ್ ರೊಟ್ಟಿಯ ಬುಟ್ಟಿ ಅಲ್ಲಿ ಬಂದು ಕೂರುತ್ತದೆ. ತೆಗೆಯಿರಿ. ಮತ್ತೆ ಬರುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ನಡೆಸಲು ಹೋಗಬೇಡಿ: ಫ್ಯಾನ್ ನಿಲ್ಲುತ್ತದೆ, ಬೆನ್ನಿಗೇ ಮನೆಯವರ ಸಹನೆಯೂ.

3. ಸಾಮಗ್ರಿ (ಒಂದು ಮಗ್ಗು ಕೇಕಿಗೆ)

ಮೈದಾ 4 ಚಮಚ, ಸಕ್ಕರೆ 1 ಚಮಚ, ಹಾಲು 3, ಎಣ್ಣೆ 2, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಕಮಲಾಪುರದ ಕೆಂಪು ಬಾಳೆ ಅರ್ಧ.

ಹಣ್ಣಿಗೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೇ ಹೋಗುವುದು ಲೇಸು. ಜಿಐ ಮಾನ್ಯತೆ ಪಡೆದ ತಳಿ. ಗಿಡ ನೆಟ್ಟು ಗೊನೆ ಕಡಿಯಲು ಸುಮಾರು ಒಂದೂವರೆ ವರ್ಷ ಕಾಯಬೇಕು. ಹಣ್ಣು ಮುಟ್ಟಿದರೆ ಮೆತ್ತಗಿರಬೇಕು, ಇಲ್ಲದಿದ್ದರೆ ನಾಲಿಗೆ ಒಗರಾಗುತ್ತದೆ. ಒಂದು ಡಜನ್ ಕೊಳ್ಳಿ: ಕಲಬುರಗಿ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಆರು ಉಳಿದರೆ ನಿಮ್ಮ ಪುಣ್ಯ. ಕೆಂಪು ಸಿಪ್ಪೆಗಷ್ಟೇ, ಒಳಗಿನ ತಿರುಳು ಕೆನೆಬಣ್ಣ. ಆದ್ದರಿಂದ ಕೆಂಪು ಕೇಕು ಮಾಡಿಕೊಡುತ್ತೇನೆಂದು ಮಕ್ಕಳಿಗೆ ಮಾತು ಕೊಡಬೇಡಿ. ನಾನು ಕೊಟ್ಟಿದ್ದೆ.

4. ವಿಧಾನ

(ಅ) ಹಣ್ಣನ್ನು ಕಿವುಚಿ, ಎಲ್ಲವನ್ನೂ ಪಿಂಗಾಣಿ ಮಗ್ಗಿನಲ್ಲಿ ಕಲಸಿ. ಸ್ಟೀಲ್ ವಾಟಿ ಬೇಡ. ದೀಪಾವಳಿ ಇನ್ನೂ ದೂರವಿದೆ.

(ಆ) ಮಗ್ಗು ಅರ್ಧ ಮಾತ್ರ ತುಂಬಲಿ. ಇನ್ನರ್ಧ ಹಿಟ್ಟಿನ ಆಸೆಗೆ ಬಿಟ್ಟ ಜಾಗ.

(ಇ) 800 ವ್ಯಾಟ್‌ನಲ್ಲಿ 90 ಸೆಕೆಂಡ್. ಸಂಶಯವೆಂದು ಇನ್ನೊಂದು ನಿಮಿಷ ಕೊಟ್ಟರೆ ಹವಾಯಿ ಚಪ್ಪಲಿಯ ಅಟ್ಟೆ ಸಿದ್ಧ.

(ಈ) ಹೊರತೆಗೆದು ಒಂದು ನಿಮಿಷ ಸುಮ್ಮನಿರಿ. ಈ ಹಂತ ಕಠಿಣ.

5. ದೋಷ ಮತ್ತು ಪರಿಹಾರ

ದೋಷ: ಕೇಕು ಉಬ್ಬಲಿಲ್ಲ. ಕಾರಣ: ಅಭಿಮಾನದಿಂದ ಪೂರ್ತಿ ಜೋಳದ ಹಿಟ್ಟು ಹಾಕಿದ್ದೀರಿ. ಗಾಳಿಯನ್ನು ಹಿಡಿದಿಡುವ ಗ್ಲುಟನ್ ಜೋಳದಲ್ಲಿ ಇಲ್ಲ. ಅದಕ್ಕೇ ರೊಟ್ಟಿಗೆ ಎಸರು ಹಾಕಿ ನಾದುವುದು. ಪರಿಹಾರ: ಕಾಲು ಪಾಲು ಜೋಳ, ಮುಕ್ಕಾಲು ಮೈದಾ. ಅಭಿಮಾನವೂ ಅದೇ ಅಳತೆಯಲ್ಲಿರಲಿ.

ದೋಷ: ಬೆಣ್ಣೆಯನ್ನು 'ಕೋಣೆಯ ಉಷ್ಣಾಂಶ'ಕ್ಕೆ ತನ್ನಿ ಎಂದು ಪುಸ್ತಕ ಹೇಳಿತು, ಬೆಣ್ಣೆ ಎಣ್ಣೆಯಾಯಿತು. ಕಾರಣ: ಪುಸ್ತಕ ಬರೆದವರ ಕೋಣೆ ಬೇರೆ. ನಮ್ಮದು 42 ಡಿಗ್ರಿ.

ದೋಷ: ಕೇಕು ಬೆಂದಿದೆ, ಆದರೆ ಜ್ವರ ಬಂದು ಎದ್ದವರ ಮುಖದ ಹಾಗೆ ಬಿಳಿಚಿಕೊಂಡಿದೆ. ಇದಕ್ಕೆ ನಾನು ಕಂಪನಿಯ ಪುಸ್ತಕದ ಮೂವತ್ತು ಪುಟ ಹುಡುಕಿದೆ, ಸಿಗಲಿಲ್ಲ. ನಮ್ಮ ಮನೆಯ ಆಯಿ ಒಂದು ಚೂರು ಬಾಯಿಗೆ ಹಾಕಿಕೊಂಡು ಹೇಳಿದಳು: "ಯಪ್ಪಾ, ಇದು ಸುಟ್ಟಿಲ್ಲೋ, ಬರೇ ಕುದ್ದದ."

ವಿಜ್ಞಾನದ ಮಾತೂ ಅದೇ. ಹಿಟ್ಟು ಕಂದು ಬಣ್ಣಕ್ಕೆ ತಿರುಗಿ ಘಮ ಬರಲು ಸುಮಾರು 140 ಡಿಗ್ರಿ ಬೇಕು. ಈ ಪೆಟ್ಟಿಗೆ ಕಾಯಿಸುವುದು ಮುಖ್ಯವಾಗಿ ಒಳಗಿನ ನೀರನ್ನು. ನೀರು 100 ದಾಟುವುದಿಲ್ಲ. ಕಾಯಿಸುವುದೊಂದು, ಸುಡುವುದೊಂದು. ಅರವತ್ತು ವರ್ಷ ರೊಟ್ಟಿ ಸುಟ್ಟವಳಿಗೆ ಅದು ಒಂದೇ ತುತ್ತಿಗೆ ಗೊತ್ತಾಯಿತು.

ಪರಿಹಾರವನ್ನೂ ಅವಳೇ ಮಾಡಿದಳು. ಮಗ್ಗು ಬೋರಲು ಹಾಕಿ, ಕೇಕನ್ನು ಬೆರಳು ದಪ್ಪದ ಹೋಳುಗಳಾಗಿ ಕೊಯ್ದು, ಕಾದ ಹಂಚಿಗೆ ತುಪ್ಪ ಸವರಿ ಮಗುಚಿ ಹಾಕಿದಳು. ಅಂಚು ಕೆಂಪಗಾಯಿತು, ಬಾಳೆಯ ಸಕ್ಕರೆ ಚುರ್ರೆಂದಿತು, ಓಣಿಯ ಹುಡುಗರು ಬಾಗಿಲಿಗೆ ಬಂದರು. ಕೆಂಪು ಕೇಕಿನ ಮಾತೂ ಅಂತೂ ಉಳಿಯಿತು.

6. ತಿದ್ದುಪಡಿ

ಪೆಟ್ಟಿಗೆಯಲ್ಲಿ 90 ಸೆಕೆಂಡ್, ಹಂಚಿನ ಮೇಲೆ 2 ನಿಮಿಷ. ಮುದ್ರಣದೋಷದಿಂದ ಎರಡನೆಯದು ಕಂಪನಿಯ ಪುಸ್ತಕದಲ್ಲಿ ಬಿಟ್ಟುಹೋಗಿದೆ. ದಯವಿಟ್ಟು ಪೆನ್ನಿನಲ್ಲಿ ಬರೆದುಕೊಳ್ಳಿ.