ಗಂಟುಗಿವಿಯ ಆನೆ

ತಿನ್ನುವ ವಸ್ತುವಿಗೆ ರುಚಿಯೊಂದಿದ್ದರೆ ಸಾಲದು, ರೂಪವೂ ಬೇಕೆಂದು ಹಟತೊಟ್ಟವರು ಪ್ರತಿಯೊಂದು ಬಂಧುವರ್ಗದಲ್ಲಿಯೂ ಒಬ್ಬರಾದರೂ ಇರುತ್ತಾರೆ. ಇಂಥವರ ಕೈಗೆ ಸಿಕ್ಕಿದ ಕೊಬ್ಬರಿ ಬಟ್ಟಲು ಮದುವೆಯ ಹೊತ್ತಿಗೆ ಹೂಬಳ್ಳಿಯ ಕೆತ್ತನೆಯಾಗುತ್ತದೆ. ಉತ್ತರ ಕರ್ನಾಟಕದವರಾದರೆ ಸಂಕ್ರಮಣಕ್ಕೆ ದಿನಗಟ್ಟಲೆ ಮುಂಚೆ ಮಂದವಾದ ಕೆಂಡದ ಮುಂದೆ ಕುಳಿತು, ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಟ್ಟು ಬೆರಳಿನಿಂದ ಆಡಿಸುತ್ತ, ಕಾಳುಕಾಳಿಗೂ ಮುಳ್ಳೆಬ್ಬಿಸಿ ಕುಸುರೆಳ್ಳು ಮಾಡುತ್ತಾರೆ. ಇವರೆಲ್ಲರ ಸಮಾನ ಲಕ್ಷಣ ಒಂದೇ: ಮಾಡಿದ್ದನ್ನು ಯಾರಾದರೂ ತಿನ್ನಹೋದರೆ ಇವರಿಗೆ ಸಂಕಟವಾಗುತ್ತದೆ.

ನಮ್ಮ ಸೋದರತ್ತೆಯವರದು ಸಕ್ಕರೆ ಅಚ್ಚಿನ ಕ್ಷೇತ್ರ. ಸಂಕ್ರಾಂತಿ ಸಮೀಪಿಸಿತೆಂದರೆ ಮರದ ಅಚ್ಚುಗಳು ನೀರಿನಲ್ಲಿ ನೆನೆಯುತ್ತಿದ್ದವು, ಮತ್ತು ಅವುಗಳ ಎರಡು ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿದು ಹಿಡಿಯುವ ಭಾಗ್ಯ ನನ್ನ ಪಾಲಿಗೆ ಬರುತ್ತಿತ್ತು. ಕುದಿಯುವ ಪಾಕಕ್ಕೆ ಹಾಲು ಬಿಟ್ಟು, ಮೇಲೆದ್ದ ಕೊಳೆಯನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪಸ್ವಲ್ಪವನ್ನೇ ಚಿಕ್ಕ ಪಾತ್ರೆಗೆ ಹಾಕಿಕೊಂಡು, ಅದು ಅಂಚಿನಲ್ಲಿ ಬೆಳ್ಳಗಾಗುವವರೆಗೆ ತಿರುವಿ, ಆ ಕ್ಷಣದಲ್ಲಿಯೇ ಅಚ್ಚಿಗೆ ಹೊಯ್ಯಬೇಕು; ಒಂದು ಗಳಿಗೆ ಮುಂಚಾದರೆ ಸೋರುತ್ತದೆ, ತಡವಾದರೆ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಆ ವೇಳೆಯಲ್ಲಿ ನಾನು ಕೆಮ್ಮಿದರೂ ಅಪರಾಧ.

“ಕೈ ಅಲ್ಲಾಡಿಸಬೇಡ್ವೋ! ಸೊಂಡ್ಲು ಮುರಿದ್ರೆ ನಿನ್ನ ಮುಖ ನೋಡೋಲ್ಲ!”

ಸೊಂಡಿಲು ಮುರಿದ ಆನೆ, ಕೊಕ್ಕು ಹೋದ ಗಿಣಿ, ಶಿಖರವಿಲ್ಲದ ಗೋಪುರ, ಇವು ಮಾತ್ರ ತಿನ್ನತಕ್ಕವು ಎಂಬುದು ಅತ್ತೆಯವರ ಶಾಸನವಾದ್ದರಿಂದ, ಅವರು ಅಚ್ಚು ಬಿಚ್ಚುವಾಗ ದೇವರನ್ನು ನೆನೆಯುತ್ತಿದ್ದಂತೆಯೇ ನಾನೂ ನೆನೆಯುತ್ತಿದ್ದೆ. ಪ್ರಾರ್ಥನೆ ಮಾತ್ರ ತದ್ವಿರುದ್ಧವಾದುದು. ಒಂದೆರಡು ಸಲ ದೇವರಿಗೆ ನೆರವಾಗುವುದಕ್ಕೋಸ್ಕರ ನಾನು ದಾರವನ್ನು ಸಡಿಲಬಿಟ್ಟದ್ದೂ ಉಂಟು.

ಅವರ ಆನೆಯಚ್ಚಿನಲ್ಲಿ ಎಡಗಿವಿಯ ಕಡೆ ಮರದ ಚಕ್ಕೆಯೊಂದು ಎದ್ದುಹೋಗಿ, ಹುಟ್ಟುವ ಆನೆಗಳಿಗೆಲ್ಲ ಕಿವಿಯಲ್ಲೊಂದು ಗಂಟು ಮೂಡುತ್ತಿತ್ತು. ಒಂದು ವರ್ಷ ಹಬ್ಬದ ಸಂಜೆ ನೆರೆಮನೆಗೆ ಎಳ್ಳಿನೊಡನೆ ಬೀರಿದ ಆನೆಯೊಂದು, ಕೇರಿಯನ್ನೆಲ್ಲ ತಟ್ಟೆಯಿಂದ ತಟ್ಟೆಗೆ ಸಂಚರಿಸಿ, ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಮೂಲೆಮನೆಯವರ ಎಳ್ಳುಬೆಲ್ಲದ ಮೇಲೆ ವಿರಾಜಮಾನವಾಗಿ ನಮ್ಮ ಮನೆಗೇ ಮರಳಿತು. ಅತ್ತೆ ಸಿಡಿಮಿಡಿಗೊಳ್ಳುವರೆಂದು ನಾನು ಕಾದಿದ್ದರೆ, ಅವರು ಆ ಗಂಟುಗಿವಿಯನ್ನು ಸವರಿ, “ನೋಡಿದ್ಯೇನೋ, ಇಷ್ಟು ಮನೆ ತಿರುಗಿದ್ರೂ ಒಬ್ರಿಗೂ ಇದನ್ನ ಮುರಿಯೋ ಮನಸ್ಸು ಬರ್ಲಿಲ್ಲ!” ಎಂದು ಹಿಗ್ಗಿದರು. ಅಷ್ಟು ದೊಡ್ಡದನ್ನು ಕಡಿಯುವ ಹಲ್ಲು ಕೇರಿಯಲ್ಲಿ ಯಾರಿಗೂ ಇರಲಿಲ್ಲವೆಂಬ ನನ್ನ ಅಭಿಪ್ರಾಯವನ್ನು ನಾನು ನುಂಗಿಕೊಂಡೆ. ನುಂಗುವುದಕ್ಕೆ ಬೇರೇನೂ ಸಿಕ್ಕಿರಲಿಲ್ಲ.

ಅತ್ತೆ ಈಗಿಲ್ಲ, ಅಚ್ಚುಗಳು ಯಾರ ಅಟ್ಟದಲ್ಲಿವೆಯೋ ತಿಳಿಯದು. ಕಳೆದ ಸಂಕ್ರಾಂತಿಗೆ ಅಂಗಡಿಯಿಂದ ಒಂದು ಪೊಟ್ಟಣ ತಂದೆನು. ಆನೆಗಳೆಲ್ಲ ನಿರ್ದುಷ್ಟವಾಗಿದ್ದವು, ಕಿವಿಗಳು ನುಣುಪಾಗಿದ್ದವು, ಸೊಂಡಿಲು ಯಾವುದಕ್ಕೂ ಮುರಿದಿರಲಿಲ್ಲ. ತಿನ್ನಬೇಡವೆನ್ನುವವರು ಯಾರೂ ಇರಲಿಲ್ಲವಾಗಿ, ಇಡಿಯ ಆನೆಯನ್ನೇ ಬಾಯಿಗಿಟ್ಟೆನು. ಸಕ್ಕರೆ ಎಷ್ಟು ಸಿಹಿಯೋ ಅಷ್ಟೇ ಸಿಹಿಯಾಗಿತ್ತು.